ಹೊಸ ಉಪ್ಪುನೀರಿನ ಅಕ್ವೇರಿಯಂ ಮಬ್ಬಾದರೆ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ಕೂತು ಸಮುದ್ರದ ಮೀನು ಸಾಕುವ ಆಸೆ ಪಡುವವರು ಈಗ ನಮ್ಮ ಎರಡೂ ಜಿಲ್ಲೆಗಳಲ್ಲಿ ಸಿಗುತ್ತಾರೆ. ದುಡ್ಡು ಕೂಡಿಸಿ ಟ್ಯಾಂಕ್ ತಂದು, ಬೆಂಗಳೂರಿನಿಂದ ಉಪ್ಪು ತರಿಸಿ, ಮರಳು ಹಾಸಿ, ನೀರು ತುಂಬಿಸಿ ಲೈಟ್ ಹಾಕಿದರೆ ಒಳಗೆ ಏನೂ ಕಾಣುವುದಿಲ್ಲ. ಆಮೇಲೆ ಗಾಬರಿಯಲ್ಲಿ ಸಿಕ್ಕಿದ್ದೆಲ್ಲ ಸುರಿಯುತ್ತಾರೆ. ಹೊಸ ಟ್ಯಾಂಕ್ ಹಾಳಾಗುವುದು ಮಬ್ಬಿನಿಂದ ಅಲ್ಲ, ಹೆಚ್ಚಾಗಿ ಈ ಗಾಬರಿಯಿಂದ. ಹಾಗಾಗಿ ಎಲ್ಲ ಪ್ರಶ್ನೆಗಳಿಗಿಂತ ಮೊದಲು ಒಂದು ಮಾತು: ಅದು ಯಾವ ಮಬ್ಬು ಎಂದು ಗೊತ್ತಾಗುವ ತನಕ ನೀರಿಗೆ ಏನನ್ನೂ ಹಾಕಬೇಡಿ.

ನಿನ್ನೆ ನೀರು ತುಂಬಿಸಿದೆ. ಇವತ್ತು ಹಿಂದಿನ ಗಾಜೇ ಕಾಣುತ್ತಿಲ್ಲ. ಏನೋ ತಪ್ಪಾಗಿದೆಯಾ?

ಬಹುಶಃ ಏನೂ ತಪ್ಪಾಗಿಲ್ಲ. ಮೊದಲ ದಿನದ ಮಬ್ಬು ಬಹುತೇಕ ಮರಳಿನ ಧೂಳು, ಇಲ್ಲವೇ ಪೂರ್ತಿ ಕರಗದ ಉಪ್ಪು. ಒಳಗೆ ಮೀನು ಬಿಟ್ಟಿಲ್ಲ ಅಲ್ವಾ? ಹಾಗಿದ್ದರೆ ಯಾರಿಗೂ ತೊಂದರೆ ಇಲ್ಲ. ಪಂಪ್ ಓಡಲಿ, ಕಾಯಿರಿ.

ಧೂಳಾ, ಉಪ್ಪಾ, ಬ್ಯಾಕ್ಟೀರಿಯಾನಾ ಅಂತ ಗುರುತಿಸೋದು ಹೇಗೆ?

ಒಂದು ತೆಳು ಗಾಜಿನ ಲೋಟ ತೆಗೆದುಕೊಳ್ಳಿ. ಟ್ಯಾಂಕಿನ ಮಧ್ಯಭಾಗದಿಂದ ಲೋಟ ತುಂಬ ನೀರು ಮೊಗೆದು, ಬಿಳಿ ಹಾಳೆಯ ಮುಂದೆ ಅಲುಗಾಡದ ಜಾಗದಲ್ಲಿ ಇಡಿ. ಮೊದಲ ಒಂದೆರಡು ನಿಮಿಷ ಅಲ್ಲೇ ನಿಂತು ನೋಡಿ. ಮಬ್ಬು ಮೇಲಕ್ಕೆ ಏರಿ ನೀರು ತಿಳಿಯಾದರೆ ಅದು ಗಾಳಿಗುಳ್ಳೆ. ಇನ್ನೇನೂ ಅಲ್ಲ.

ಹಾಗೆ ಆಗದಿದ್ದರೆ ಲೋಟವನ್ನು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತಳದಲ್ಲಿ ತೆಳ್ಳಗೆ ಬಿಳಿ ಗಸಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಮರಳಿನ ಧೂಳು ಅಥವಾ ಉಪ್ಪಿನಿಂದ ಹುಟ್ಟಿದ ಸುಣ್ಣದ ಪುಡಿ. ತಳದಲ್ಲಿ ಏನೂ ಕೂರದೆ, ನೀರು ಮೇಲಿಂದ ಕೆಳಗಿನ ತನಕ ಒಂದೇ ಸಮನೆ ಮಜ್ಜಿಗೆ ತಿಳಿಯ ಹಾಗೆ ಇದ್ದರೆ ಅದು ಬ್ಯಾಕ್ಟೀರಿಯಾ. ಈ ಜೀವಿಗಳು ಎಷ್ಟು ಸಣ್ಣವೆಂದರೆ ಒಂದು ರಾತ್ರಿಯಲ್ಲಿ ತಳ ಮುಟ್ಟುವುದಿಲ್ಲ.

ಟಾರ್ಚ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ರಾತ್ರಿ ಕೋಣೆಯ ಲೈಟ್ ಆರಿಸಿ, ಟ್ಯಾಂಕಿನ ಪಕ್ಕದ ಗಾಜಿನಿಂದ ಟಾರ್ಚ್ ಬಿಡಿ, ಮುಂದಿನಿಂದ ನೋಡಿ. ಧೂಳಾದರೆ ಬೆಳಕಿನ ಕೋಲಿನೊಳಗೆ ಬಿಡಿಬಿಡಿ ಕಣ ತೇಲುತ್ತಾ ಸಾಗುವುದು ಕಾಣುತ್ತದೆ. ಬ್ಯಾಕ್ಟೀರಿಯಾ ಆದರೆ ಕಣ ಕಾಣುವುದಿಲ್ಲ, ಬರೀ ಮಂಜು ಕಾಣುತ್ತದೆ. ದಿನದ ಲೆಕ್ಕವೂ ಸಹಾಯಕ್ಕೆ ಬರುತ್ತದೆ. ಮೊದಲ ದಿನವೇ ಬಂದ ಮಬ್ಬು ಧೂಳು ಅಥವಾ ಉಪ್ಪು. ಒಮ್ಮೆ ತಿಳಿಯಾಗಿ, ಕೆಲವು ದಿನ ಬಿಟ್ಟು ಮತ್ತೆ ಬಂದದ್ದು ಹೆಚ್ಚಾಗಿ ಬ್ಯಾಕ್ಟೀರಿಯಾ.

ಮರಳಿನ ಧೂಳು ಅಂತ ಗೊತ್ತಾಯ್ತು. ಎಷ್ಟು ದಿನಕ್ಕೆ ಹೋಗುತ್ತೆ?

ಸಾಮಾನ್ಯವಾಗಿ ಎರಡು ಮೂರು ದಿನ. ಮರಳು ತೀರಾ ನುಣುಪಿದ್ದರೆ ಒಂದು ವಾರ. ಬೇಗ ಹೋಗಬೇಕೆಂದರೆ ಫಿಲ್ಟರಿನಲ್ಲಿ ಹತ್ತಿಯಂಥ ಬಿಳಿ ಫ್ಲಾಸ್ ಹಾಕಿ, ಅದನ್ನು ದಿನಾ ಬದಲಿಸಿ. ಧೂಳು ತುಂಬಿದ ಫ್ಲಾಸ್ ಹಾಗೇ ಬಿಟ್ಟರೆ ನೀರು ಅದರೊಳಗೆ ಹಾಯದೆ ಪಕ್ಕದಲ್ಲಿ ನುಸುಳಿ ಹೋಗುತ್ತದೆ, ಫಿಲ್ಟರ್ ಓಡುತ್ತಿದ್ದರೂ ಪ್ರಯೋಜನವಿಲ್ಲ. ಬರೀ ಒರಟು ಸ್ಪಾಂಜ್ ಈ ಧೂಳನ್ನು ಹಿಡಿಯುವುದಿಲ್ಲ.

ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪ್) ಮುಖ ಕೆಳಗಿದ್ದು ಮರಳನ್ನು ಕೆದಕುತ್ತಿದ್ದರೆ ಈ ಕಥೆ ಮುಗಿಯುವುದೇ ಇಲ್ಲ. ಅದನ್ನು ನೀರಿನ ಮೇಲ್ಮೈ ಕಡೆಗೆ ತಿರುಗಿಸಿ. ಕಲ್ಲುಗಳ ಮೇಲೆ ಕೂತ ಧೂಳನ್ನು ದಿನಕ್ಕೊಮ್ಮೆ ಸಣ್ಣ ಪಂಪಿನಿಂದ ಊದಿಸಿ ಎಬ್ಬಿಸಿದರೆ ಫ್ಲಾಸ್ ಅದನ್ನು ಹಿಡಿದುಕೊಳ್ಳುತ್ತದೆ. ಮರಳಿನೊಳಗೆ ಮಾತ್ರ ಕೈ ಹಾಕಿ ಕಲಕಬೇಡಿ.

ಮರಳು ತೊಳೆದೇ ಹಾಕಬೇಕಿತ್ತಾ? ಪ್ಯಾಕೆಟ್ ಮೇಲೆ ತೊಳೆಯಬೇಡಿ ಅಂತ ಇತ್ತು.

ಎರಡು ಥರ ಇದೆ. ಒದ್ದೆಯಾಗಿ, ಸ್ವಲ್ಪ ನೀರಿನ ಜೊತೆ ಬರುವ ಲೈವ್ ಸ್ಯಾಂಡ್‌ನಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ತೊಳೆದರೆ ಅದಕ್ಕೆ ಕೊಟ್ಟ ದುಡ್ಡು ನೀರಿಗೆ ಹೋದ ಹಾಗೆ. ಒಣ ಆರಗೊನೈಟ್ ಮರಳನ್ನು (ಸುಣ್ಣದ ಅಂಶದ ಮರಳು) ಮಾತ್ರ ಚೆನ್ನಾಗಿ ತೊಳೆಯಬೇಕು. ಬಕೆಟ್ಟಿಗೆ ಸ್ವಲ್ಪ ಸ್ವಲ್ಪ ಮರಳು ಹಾಕಿ, ಅಕ್ಕಿ ತೊಳೆದಂತೆ ಕೈಯಾಡಿಸಿ, ಬಿಳಿ ನೀರು ಬಗ್ಗಿಸುತ್ತಾ ಹೋಗಿ. ಪೂರ್ತಿ ತಿಳಿ ನೀರೇ ಬರಬೇಕೆಂದು ಹಟ ಬೇಡ, ನೀರಿನಲ್ಲಿ ಅಂಗೈಯ ಗೆರೆ ಕಂಡರೆ ಸಾಕು. ಇದಕ್ಕೆ ನಲ್ಲಿ ನೀರೇ ನಡೆಯುತ್ತದೆ, ಕೊನೆಯ ಒಂದು ಸಲ ಆರ್‌ಒ ನೀರಿನಲ್ಲಿ ಜಾಲಿಸಿ.

ಟ್ಯಾಂಕಿಗೆ ನೀರು ತುಂಬಿಸುವಾಗ ಮರಳಿನ ಮೇಲೆ ಒಂದು ಊಟದ ತಟ್ಟೆ ಇಟ್ಟು, ಆ ತಟ್ಟೆಯ ಮೇಲೆ ನಿಧಾನವಾಗಿ ಸುರಿಯಿರಿ. ಇಷ್ಟು ಮಾಡಿದರೆ ಮಬ್ಬು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹರಿಹರದ ಹೊಳೆ ಮರಳು, ದುರ್ಗದ ಬೆಟ್ಟದ ಕಲ್ಲು ಹಾಕಬಹುದಾ? ದುಡ್ಡು ಉಳಿಯುತ್ತೆ.

ಬೇಡ. ತುಂಗಭದ್ರಾ ಮರಳಿನಲ್ಲಿ ಜೇಡಿಯ ಅಂಶ ಇರುತ್ತದೆ. ಎಷ್ಟು ತೊಳೆದರೂ ನೀರು ಸ್ವಲ್ಪ ಅಲುಗಿದರೆ ಮತ್ತೆ ಕದಡುತ್ತದೆ. ಆರಗೊನೈಟ್ ಅಂದರೆ ಸುಣ್ಣದ ಅಂಶದ ಮರಳು, ಅದು ನಿಧಾನಕ್ಕೆ ಕರಗುತ್ತಾ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ತೀರಾ ಇಳಿಯದಂತೆ ಸ್ವಲ್ಪ ಆಸರೆ ಕೊಡುತ್ತದೆ. ಹೊಳೆ ಮರಳಿನಿಂದ ಆ ಕೆಲಸ ಆಗುವುದಿಲ್ಲ. ಕೊಂಡ ಮರಳಿನ ಮೇಲೆ ಅನುಮಾನ ಬಂದರೆ ಒಂದು ಚಿಟಿಕೆ ತೆಗೆದು ನಿಂಬೆರಸ ಹಿಂಡಿ. ಬುಸುಬುಸು ನೊರೆ ಬಂದರೆ ಸುಣ್ಣದ ಮರಳು, ಸುಮ್ಮನಿದ್ದರೆ ಅಲ್ಲ.

ಕಲ್ಲಿನ ವಿಷಯ ಇನ್ನೂ ಗಂಭೀರ. ಚಿತ್ರದುರ್ಗದ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ ಎಲ್ಲವೂ ಇವೆ. ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ತಾಮ್ರ ತೀರಾ ಕಡಿಮೆ ಪ್ರಮಾಣದಲ್ಲಿದ್ದರೂ ಸಿಗಡಿ, ಬಸವನಹುಳು, ಏಡಿಯಂಥ ಜೀವಿಗಳಿಗೆ ವಿಷ. ಯಾವ ಕಲ್ಲಿನಲ್ಲಿ ಏನಿದೆ ಎಂದು ಕಣ್ಣಿನಲ್ಲಿ ನೋಡಿ ಹೇಳಲಾಗದು. ಕೋಟೆ, ಚಂದ್ರವಳ್ಳಿ ಕಡೆಯ ಕಲ್ಲನ್ನಂತೂ ಮುಟ್ಟಲೇಬಾರದು. ಅವು ನಮ್ಮ ಚರಿತ್ರೆಯ ಜಾಗಗಳು.

ಉಪ್ಪು ಹಾಕಿದ ಕೂಡಲೇ ನೀರು ಸುಣ್ಣದ ನೀರಿನ ಥರ ಆಯ್ತು. ಎರಡು ದಿನವಾದರೂ ಹೋಗಿಲ್ಲ.

ನೀವು ಉಪ್ಪು ಹಾಕಿ ಅದರ ಮೇಲೆ ನೀರು ಬಿಟ್ಟಿರಬೇಕು, ಇಲ್ಲವೇ ಪಂಪ್ ಇಲ್ಲದೆ ಒಂದೇ ಸಲಕ್ಕೆ ಸುರಿದಿರಬೇಕು. ಅಕ್ವೇರಿಯಂ ಉಪ್ಪಿನಲ್ಲಿ ಕ್ಯಾಲ್ಸಿಯಂ ಒಂದು ಕಡೆ, ಕಾರ್ಬೊನೇಟ್ ಇನ್ನೊಂದು ಕಡೆ ಇರುತ್ತದೆ. ಸಾಕಷ್ಟು ನೀರಿನಲ್ಲಿ ಇವೆರಡೂ ಒಟ್ಟಿಗೆ ಕರಗಿರಬಲ್ಲವು. ಕಡಿಮೆ ನೀರಿನಲ್ಲಿ ರಾಶಿ ಬಿದ್ದರೆ ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದಂಥ ಪುಡಿ ಆಗಿಬಿಡುತ್ತವೆ. ಒಮ್ಮೆ ಪುಡಿಯಾದರೆ ಅದು ಸುಲಭಕ್ಕೆ ಮತ್ತೆ ಕರಗುವುದಿಲ್ಲ. ಹೀಟರ್ ಮೇಲೆ, ಪಂಪಿನ ಒಳಗೆ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ.

ಟ್ಯಾಂಕಿನಲ್ಲಿ ಜೀವಿಗಳಿಲ್ಲದಿದ್ದರೆ ಫ್ಲಾಸ್ ಹಾಕಿ ಪುಡಿಯನ್ನು ಸೋಸಿ, ತಳದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ. ಆಮೇಲೆ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಅಂಶ) ಟೆಸ್ಟ್ ಮಾಡಿ. ಕ್ಯಾಲ್ಸಿಯಂ 400 ರಿಂದ 450 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ), ಆಲ್ಕಲಿನಿಟಿ 8 ರಿಂದ 12 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇದ್ದರೆ ಚಿಂತೆ ಇಲ್ಲ. ತೀರಾ ಇಳಿದಿದ್ದರೆ ಆ ನೀರು ಚೆಲ್ಲಿ ಹೊಸದು ಮಾಡುವುದೇ ಲೇಸು.

ಸರಿಯಾದ ಕ್ರಮ ಹೀಗೆ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೊದಲು ಪೂರ್ತಿ ನೀರು ತುಂಬಿಸಿ. ಒಳಗೆ ಒಂದು ಪಂಪ್ ಜೋರಾಗಿ ಓಡುತ್ತಿರಲಿ. ನೀರು 25 ಡಿಗ್ರಿ ಆಸುಪಾಸು ಇರಲಿ. ಉಪ್ಪನ್ನು ಲೋಟ ಲೋಟವಾಗಿ, ಹಿಂದಿನದು ಕರಗಿದ ಮೇಲೆ ಮುಂದಿನದು ಎಂಬಂತೆ ಹಾಕಿ. ಲೀಟರಿಗೆ ಸುಮಾರು 36 ರಿಂದ 38 ಗ್ರಾಂ ಹಿಡಿಯುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಟ್ಯಾಂಕಿನಲ್ಲಿ ಮರಳು, ಕಲ್ಲು ಕಳೆದು 160 ಲೀಟರ್ ನೀರು ಹಿಡಿಯಿತು ಎನ್ನಿ, ಹತ್ತಿರ ಹತ್ತಿರ 6 ಕೆ.ಜಿ. ಉಪ್ಪು ಬೇಕು. ಎಷ್ಟು ಹೊತ್ತು ಕಲಕಬೇಕು ಎಂದು ಪ್ಯಾಕೆಟ್ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ. ಕೆಲವು ಉಪ್ಪುಗಳನ್ನು ಬಿಸಿ ನೀರಿನಲ್ಲಿ ಜಾಸ್ತಿ ಹೊತ್ತು ಕಲಕಿದರೂ ಪುಡಿ ಬೀಳುತ್ತದೆ. ಕೊನೆಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಬಂದಿದೆಯಾ ನೋಡಿ, ನೀರು ಕನ್ನಡಿಯಂತೆ ತಿಳಿಯಾದ ಮೇಲೆ ಟ್ಯಾಂಕಿಗೆ ಬಿಡಿ.

ಅಡುಗೆ ಉಪ್ಪು, ಕಲ್ಲುಪ್ಪು ನಡೆಯಲ್ವಾ? ಕಲ್ಲುಪ್ಪು ಸಮುದ್ರದ್ದೇ ತಾನೆ?

ಸಮುದ್ರದ್ದೇ, ಆದರೆ ಸಮುದ್ರದ ಪೂರ್ತಿ ಉಪ್ಪಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಇಂಗುವಾಗ ಮೊದಲು ಸುಣ್ಣದ ಅಂಶ, ಜಿಪ್ಸಂ ಕೆಳಗೆ ಬೀಳುತ್ತವೆ. ಆಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂನ ಹೆಚ್ಚಿನ ಪಾಲು ಉಳಿದ ಕಹಿ ನೀರಿನಲ್ಲೇ ಹೊರಗೆ ಹೋಗುತ್ತದೆ. ಹೀಗಾಗಿ ಕಲ್ಲುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಆಲ್ಕಲಿನಿಟಿ ಯಾವುದೂ ಬೇಕಾದಷ್ಟು ಇರುವುದಿಲ್ಲ. ನೀರು ಉಪ್ಪಾಗುತ್ತದೆ, ಸಮುದ್ರದ ನೀರಾಗುವುದಿಲ್ಲ. ಪುಡಿ ಉಪ್ಪಿನಲ್ಲಿ ಗಟ್ಟಿಯಾಗದಿರಲೆಂದು ಬೆರೆಸಿದ ಪುಡಿಯಿಂದ ಮಬ್ಬೂ ಬರುತ್ತದೆ.

ಬೋರ್‌ವೆಲ್ ನೀರಿನಲ್ಲಿ ಉಪ್ಪು ಕಲಸಿದೆ. ಫ್ಲೋರೈಡ್‌ನಿಂದ ಮಬ್ಬಾಯ್ತಾ?

ನಮ್ಮ ಕಡೆ ಬೋರ್ ನೀರು ಎಂದರೆ ಫ್ಲೋರೈಡ್ ಭಯ ಮೊದಲು ಬರುತ್ತದೆ. ಕುಡಿಯುವ ವಿಷಯದಲ್ಲಿ ಆ ಭಯ ಸರಿಯಾದದ್ದೇ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿ ಇದೆ. ಆದರೆ ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಮಬ್ಬಿಗೆ ಅದು ಕಾರಣ ಅಲ್ಲ.

ಕಾರಣ ಗಡಸುತನ. ಬೋರ್ ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ತುಂಬಿರುತ್ತವೆ, ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದು ಅದೇ. ಅದಕ್ಕೆ ಅಕ್ವೇರಿಯಂ ಉಪ್ಪು ಸೇರಿದರೆ ಮಿತಿ ಮೀರಿ ಸುಣ್ಣ ಬೇರೆಯಾಗುತ್ತದೆ. ಜೊತೆಗೆ ಕಲ್ಲುನೆಲದಿಂದ ಬರುವ ಸಿಲಿಕಾ, ಗೊಬ್ಬರದಿಂದ ಇಳಿದ ನೈಟ್ರೇಟ್ ಮುಂದೆ ಪಾಚಿಗೆ ಊಟವಾಗುತ್ತವೆ. ಬೋರ್ ನೀರು ನೇರವಾಗಿ ಬೇಡವೇ ಬೇಡ.

ನಲ್ಲಿ ನೀರು? ಮನೆಯಲ್ಲಿರೋ ಆರ್‌ಒ ಸಾಕಾ?

ದಾವಣಗೆರೆಗೆ ಬರುವ ಭದ್ರಾ ನಾಲೆ, ತುಂಗಭದ್ರಾ ನೀರಾಗಲಿ, ಚಿತ್ರದುರ್ಗಕ್ಕೆ ಬರುವ ಸೂಳೆಕೆರೆಯ ನೀರಾಗಲಿ ಬೋರ್ ನೀರಿಗಿಂತ ಮೆದು. ಆದರೂ ಕ್ಲೋರಿನ್ ಇರುತ್ತದೆ, ಮಳೆಗಾಲದಲ್ಲಿ ಕೆಂಪಗೆ ಬರುತ್ತದೆ, ಸಂಪಿನಲ್ಲಿ ಎಷ್ಟೋ ದಿನ ನಿಂತಿರುತ್ತದೆ. ಮನೆಯ ಆರ್‌ಒ ನೀರು ಇದಕ್ಕಿಂತ ಎಷ್ಟೋ ಮೇಲು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಮೀಟರ್ ಇಟ್ಟು ನೋಡಿ. 10ರ ಒಳಗೆ ಬಂದರೆ ಮೀನಿನ ಟ್ಯಾಂಕಿಗೆ ಧಾರಾಳ. 50, 100 ಬರುತ್ತಿದ್ದರೆ ಆರ್‌ಒ ನಂತರ, ಉಳಿದ ಲವಣವನ್ನೂ ಹಿಡಿಯುವ ಒಂದು ಡಿಐ ಕಾರ್ಟ್ರಿಡ್ಜ್ ಜೋಡಿಸಿ ಸೊನ್ನೆಗೆ ತನ್ನಿ. ಒಂದು ವಿಷಯ ತುಂಬ ಜನ ಗಮನಿಸುವುದಿಲ್ಲ: ಮನೆಯ ಆರ್‌ಒಗಳಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಕೆಲವದರಲ್ಲಿ ಮಿನರಲ್ ಕಾರ್ಟ್ರಿಡ್ಜ್ ಕೂಡ. ಟ್ಯಾಂಕಿಗೆ ನೀರು ಹಿಡಿಯುವಾಗ ಆ ಎರಡನ್ನೂ ತಪ್ಪಿಸಬೇಕು. ಹೊರಗೆ ಹೋಗುವ ವೇಸ್ಟ್ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಬಚ್ಚಲಿಗೆ ಬಳಸಿ. ನಮ್ಮಂಥ ನೀರಿಲ್ಲದ ಕಡೆ ಅದನ್ನು ಚರಂಡಿಗೆ ಬಿಡುವುದು ಸರಿಯಲ್ಲ.

ಕಾರವಾರ, ಮಂಗಳೂರಿನಿಂದ ಕ್ಯಾನ್‌ನಲ್ಲಿ ಸಮುದ್ರದ ನೀರೇ ತಂದರೆ?

ದಡದ ನೀರಿನಲ್ಲಿ ಹೂಳು, ನದಿ ತಂದ ಕೊಳೆ, ದೋಣಿಗಳ ಎಣ್ಣೆ ಎಲ್ಲ ಇರುತ್ತದೆ. ಅದರಲ್ಲಿರುವ ಕಣ್ಣಿಗೆ ಕಾಣದ ಪ್ಲಾಂಕ್ಟನ್ ಮುಚ್ಚಿದ ಕ್ಯಾನ್‌ನೊಳಗೆ, ಘಟ್ಟ ಹತ್ತಿ ಬರುವಷ್ಟರಲ್ಲಿ ಸಾಯತೊಡಗುತ್ತದೆ. ಸತ್ತದ್ದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಮಬ್ಬೂ ಬರುತ್ತದೆ. ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿದಿರುತ್ತದೆ. ಪ್ಯಾಕೆಟ್ ಉಪ್ಪೇ ವಾಸಿ.

ಒಮ್ಮೆ ತಿಳಿಯಾಗಿದ್ದ ನೀರು ವಾರದ ಮೇಲೆ ಹಾಲಿನಂತಾಯ್ತು. ವಾಸನೆಯೂ ಇದೆ.

ಇದು ಬ್ಯಾಕ್ಟೀರಿಯಾ ಬ್ಲೂಮ್, ಅಂದರೆ ಬ್ಯಾಕ್ಟೀರಿಯಾ ಒಮ್ಮೆಲೇ ವಿಪರೀತ ಹೆಚ್ಚುವುದು. ಹೊಸ ಟ್ಯಾಂಕಿನಲ್ಲಿ ಎರಡು ಗುಂಪಿನ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತದೆ. ನಮಗೆ ಬೇಕಾದದ್ದು ಇದು. ಇದು ನಿಧಾನಕ್ಕೆ ಬೆಳೆಯುತ್ತದೆ, ಕಲ್ಲು, ಮರಳು, ಸ್ಪಾಂಜ್ ಮೇಲೆ ಅಂಟಿಕೊಂಡಿರುತ್ತದೆ. ಇನ್ನೊಂದು ಗುಂಪು ಕೊಳೆತ ಆಹಾರ, ಸತ್ತ ಜೀವಿಗಳನ್ನು ತಿಂದು ಗಂಟೆಗಳ ಲೆಕ್ಕದಲ್ಲಿ ಹೆಚ್ಚುತ್ತದೆ, ನೀರಿನಲ್ಲೇ ತೇಲುತ್ತದೆ. ಹಾಲಿನ ಬಣ್ಣ ಈ ಎರಡನೆಯ ಗುಂಪಿನದು. ತಿನ್ನಲು ಇರುವ ತನಕ ಇರುತ್ತದೆ, ಮುಗಿದ ಮೇಲೆ ಸಾಯುತ್ತದೆ. ಕೆಲವು ದಿನದಿಂದ ಎರಡು ವಾರದೊಳಗೆ ತಾನಾಗೇ ಹೋಗುವುದು ವಾಡಿಕೆ.

ಬಣ್ಣದಿಂದ ಅಪಾಯವಿಲ್ಲ. ಅಪಾಯ ಆಮ್ಲಜನಕದ್ದು. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ನೀರಿನಲ್ಲಿರುವ ಆಮ್ಲಜನಕವನ್ನು ಹೀರುತ್ತಿರುತ್ತವೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂಗೆ ಸ್ವಲ್ಪ ಮೇಲೆ ಇದ್ದರೆ ಸಮುದ್ರದ ನೀರಿನಲ್ಲಿ 7ಕ್ಕೂ ಕಡಿಮೆ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ: ವೇವ್‌ಮೇಕರನ್ನು ಮೇಲ್ಮೈಗೆ ತಿರುಗಿಸಿ ನೀರು ಚೆನ್ನಾಗಿ ಅಲುಗುವಂತೆ ಮಾಡಿ, ಏರ್‌ಸ್ಟೋನ್ ಹಾಕಿ, ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಇದ್ದರೆ ಹಗಲು ರಾತ್ರಿ ಓಡಿಸಿ. ಮುಚ್ಚಳ ಸ್ವಲ್ಪ ಸರಿಸಿ.

ಎರಡನೇ ಕೆಲಸ, ಊಟ ನಿಲ್ಲಿಸುವುದು. ಮೂಗು ಹತ್ತಿರ ಹಿಡಿದು ನೋಡಿ. ಒಳ್ಳೆಯ ಟ್ಯಾಂಕ್ ಕಡಲ ದಂಡೆಯ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಕಲ್ಲಿನ ಸಂದಿಯಲ್ಲಿ ಏನೋ ಸತ್ತು ಕೂತಿದೆ. ಹುಡುಕಿ ತೆಗೆಯದೆ ನೀರು ತಿಳಿಯಾಗದು.

ಅಂಗಡಿಯಲ್ಲಿ ಸಿಗುವ ಬಾಟಲಿ ಬ್ಯಾಕ್ಟೀರಿಯಾ ಸುರಿದ ದಿನವೇ ಮಬ್ಬಾಗಿದ್ದರೆ ಅದು ಬೇರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ.

ಅರ್ಧ ನೀರು ಚೆಲ್ಲಿ ಹೊಸದು ತುಂಬಿಸಿದರೆ ಬೇಗ ಸರಿಹೋಗುತ್ತಾ?

ಮೀನಿಲ್ಲದಿದ್ದರೆ ಬೇಡ. ಮಬ್ಬು ಒಂದು ದಿನ ಕಡಿಮೆಯಾದಂತೆ ಕಂಡು ಮತ್ತೆ ಬರುತ್ತದೆ, ಉಪ್ಪಿನ ದುಡ್ಡೂ ಹೋಗುತ್ತದೆ. ಮೀನು ಬಿಟ್ಟಾಗಿದೆ, ಅಮೋನಿಯಾ ಟೆಸ್ಟಿನಲ್ಲಿ ಬಣ್ಣ ಬರುತ್ತಿದೆ ಎಂದರೆ ಯೋಚಿಸದೆ ಬದಲಿಸಿ. ಒಂದು ಸಲಕ್ಕೆ 15 ರಿಂದ 20 ಪರ್ಸೆಂಟ್, ಬೇಕಿದ್ದರೆ ಮರುದಿನ ಮತ್ತೊಮ್ಮೆ. ಹೊಸ ನೀರಿನ ಉಪ್ಪು, ಬಿಸಿ ಹಳೆಯದಕ್ಕೆ ಹೊಂದಬೇಕು. ಪಿಎಚ್ 8ರ ಮೇಲಿರುವ ಸಮುದ್ರದ ನೀರಿನಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ಜಾಸ್ತಿ, ಆದ್ದರಿಂದ ಇಲ್ಲಿ ತಡ ಮಾಡಬಾರದು.

ಮಕ್ಕಳು ಮಂಡಕ್ಕಿ ಹಾಕಿಬಿಟ್ಟಿದ್ದಾರೆ. ಕೆರೆ ಮೀನಿಗೆ ಹಾಕ್ತೀವಲ್ಲ, ಅದೇ ಅಭ್ಯಾಸ.

ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಇಲ್ಲ, ಮಕ್ಕಳ ಕೈಗೆ ಸಿಗುವುದೂ ಅದೇ. ಆದರೆ ಮಂಡಕ್ಕಿ ಬರೀ ಪಿಷ್ಟ. ಒದ್ದೆಯಾದ ಕೂಡಲೇ ಮೆತ್ತಗಾಗಿ ಒಡೆದು ಕಲ್ಲಿನ ಸಂದಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆ ಊಟ ಇಲ್ಲ. ತೇಲುತ್ತಿರುವಾಗಲೇ ಬಲೆಯಿಂದ ತೆಗೆಯಿರಿ, ಮುಳುಗಿದ್ದನ್ನು ಸಣ್ಣ ಪೈಪಿನಿಂದ ಎಳೆಯಿರಿ, ಎರಡು ಮೂರು ದಿನ ಗಾಳಿ ಜೋರಾಗಿ ಬಿಡಿ. ಮಕ್ಕಳನ್ನು ಬೈಯಬೇಡಿ. ದಿನಾ ಒಂದು ಹೊತ್ತು ಸರಿಯಾದ ಆಹಾರವನ್ನು ಅವರ ಕೈಯಲ್ಲೇ, ನಿಮ್ಮ ಎದುರಿಗೇ ಹಾಕಿಸಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು ಎಂದು ಅವರು ಬೇಗ ಕಲಿಯುತ್ತಾರೆ.

ಪಟಿಕ ಆಡಿಸಿದರೆ ಬಗ್ಗಡ ನೀರು ತಿಳಿಯಾಗುತ್ತೆ ಅಂತ ಅಜ್ಜಿ ಹೇಳ್ತಾರೆ. ಮಾಡಲಾ?

ಅಜ್ಜಿ ಹೇಳಿದ್ದು ಕೊಡದ ನೀರಿಗೆ ಸರಿ. ಪಟಿಕ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ. ಆದರೆ ಹಾಗೆ ಮಾಡುವಾಗ ನೀರನ್ನು ಹುಳಿ ಮಾಡಿ ಆಲ್ಕಲಿನಿಟಿಯನ್ನು ತಿಂದುಹಾಕುತ್ತದೆ, ಅಲ್ಯೂಮಿನಿಯಂ ಉಳಿಸುತ್ತದೆ. ಸಮುದ್ರದ ಜೀವಿಗಳಿಗೆ ಎರಡೂ ಆಗಿಬರುವುದಿಲ್ಲ. ನುಗ್ಗೆ ಬೀಜದ ಪುಡಿಯೂ ಬೇಡ, ಅದು ಕೊಳೆತು ಮತ್ತಷ್ಟು ಬ್ಯಾಕ್ಟೀರಿಯಾ ಬೆಳೆಸುತ್ತದೆ.

ಅಂಗಡಿಯಲ್ಲಿ ಕ್ಲಾರಿಫೈಯರ್, ಕಾರ್ಬನ್, ಯುವಿ ಮೂರೂ ತಗೊಳ್ಳಿ ಅಂತಾರೆ.

ಮೂರಕ್ಕೂ ಬೇರೆ ಬೇರೆ ಕೆಲಸ. ಕ್ಲಾರಿಫೈಯರ್ ಮರಳಿನ ಧೂಳಿಗೆ ಕೆಲಸ ಮಾಡುತ್ತದೆ, ಸಮುದ್ರದ ಟ್ಯಾಂಕಿಗೆ ಆಗುವಂಥದ್ದು ಎಂದು ಬಾಟಲಿ ಮೇಲೆ ಬರೆದಿರಬೇಕು, ಹಾಕಿದ ಮೇಲೆ ಫ್ಲಾಸ್ ಬದಲಿಸಬೇಕು. ಆದರೆ ಮೂರು ದಿನ ಕಾದರೆ ತಾನಾಗೇ ಹೋಗುವ ಧೂಳಿಗೆ ಅದು ಯಾಕೆ ಬೇಕು? ಕಾರ್ಬನ್ ಹಳದಿ ಬಣ್ಣ, ವಾಸನೆ ತೆಗೆಯುತ್ತದೆ, ಧೂಳನ್ನೂ ಬ್ಯಾಕ್ಟೀರಿಯಾವನ್ನೂ ತೆಗೆಯುವುದಿಲ್ಲ. ತೊಳೆಯದೆ ಹಾಕಿದರೆ ಕಪ್ಪು ಪುಡಿ ಬಿಡುತ್ತದೆ. ಯುವಿ ಲೈಟ್ ಬ್ಯಾಕ್ಟೀರಿಯಾ ಮಬ್ಬಿಗೂ ಹಸಿರು ನೀರಿಗೂ ಒಳ್ಳೆಯದು. ಕಲ್ಲಿಗೆ ಅಂಟಿದ ಒಳ್ಳೆಯ ಬ್ಯಾಕ್ಟೀರಿಯಾ ಅದರ ಮುಂದೆ ಹಾಯುವುದಿಲ್ಲವಾದ್ದರಿಂದ ಅದಕ್ಕೆ ತೊಂದರೆ ಇಲ್ಲ. ದುಡ್ಡು ಸೀಮಿತವಾಗಿದ್ದರೆ ನನ್ನ ಸಲಹೆ: ಈ ಮೂರಕ್ಕಿಂತ ಮೊದಲು ಒಳ್ಳೆಯ ಅಮೋನಿಯಾ ಟೆಸ್ಟ್ ಕಿಟ್ ಮತ್ತು ರಿಫ್ರಾಕ್ಟೋಮೀಟರ್ ಕೊಳ್ಳಿ.

ಸಣ್ಣ ಗುಳ್ಳೆಗಳಿಂದ ಮಬ್ಬು ಅಂತ ಗೊತ್ತಾಯ್ತು. ಎಲ್ಲಿಂದ ಬರುತ್ತೆ?

ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ಗುಳ್ಳೆ ಉಗುಳುತ್ತದೆ, ಆಮೇಲೆ ನಿಲ್ಲುತ್ತದೆ. ಅಕ್ವೇರಿಯಂನ ಸಂಪಿನಲ್ಲಿ (ಫಿಲ್ಟರ್, ಪಂಪ್ ಇಡುವ ತೊಟ್ಟಿ) ನೀರು ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿರಬಹುದು, ಪೈಪಿನ ಜೋಡಣೆಯಲ್ಲಿ ಗಾಳಿ ಹೋಗುತ್ತಿರಬಹುದು. ನೀರು ತುಂಬಿಸಿ, ಜೋಡಣೆ ಬಿಗಿ ಮಾಡಿ.

ಏಪ್ರಿಲ್ ಬಿಸಿಲು, ಕರೆಂಟ್ ಬೇರೆ ಹೋಗುತ್ತೆ. ಮಬ್ಬಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಬೇಸಿಗೆಯಲ್ಲಿ ಹೊರಗೆ 38, 40 ಡಿಗ್ರಿ ಮುಟ್ಟುವಾಗ ಮನೆಯೊಳಗಿನ ಟ್ಯಾಂಕ್ 31, 32 ದಾಟುತ್ತದೆ. ಬ್ಯಾಕ್ಟೀರಿಯಾ ವೇಗ ಹೆಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ. ಟ್ಯಾಂಕ್ 24 ರಿಂದ 27ರ ನಡುವೆ ಇರಬೇಕು. ನಮ್ಮ ಒಣ ಹವೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಇಷ್ಟು ಇಳಿಯುವುದಿಲ್ಲ, ಇದು ನಮಗಿರುವ ಅನುಕೂಲ. ಆದರೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಕಡಿಮೆಯಾದಷ್ಟು ಬರೀ ಆರ್‌ಒ ನೀರನ್ನು ದಿನಾ ತುಂಬಿಸಿ, ಉಪ್ಪುನೀರನ್ನಲ್ಲ. ಕಡು ಬೇಸಿಗೆಗೆ ಫ್ಯಾನ್ ಸಾಲದು, ಚಿಲ್ಲರ್ ಬೇಕಾಗುತ್ತದೆ. ಅದು ಆಗದವರು ಮಳೆ ಶುರುವಾದ ಮೇಲೆ ಟ್ಯಾಂಕ್ ಹಾಕುವುದು ಒಳ್ಳೆಯದು.

ಕರೆಂಟ್ ಹೋದಾಗ ಮನೆಯ ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನು ಕೊಡಿ, ಅದು ತಿನ್ನುವ ಕರೆಂಟ್ ತೀರಾ ಕಡಿಮೆ. ಏನೂ ಇಲ್ಲದಿದ್ದರೆ ಜಗ್ಗಿನಲ್ಲಿ ನೀರು ಮೊಗೆದು ಒಂದಡಿ ಎತ್ತರದಿಂದ ಮತ್ತೆ ಮತ್ತೆ ಸುರಿಯಿರಿ. ಮಬ್ಬಿರುವ ಟ್ಯಾಂಕಿನಲ್ಲಿ ಮೀನಿದ್ದರೆ ಇದನ್ನು ಬೇಸರಪಡದೆ ಮಾಡಬೇಕು.

ನೀರು ಹಸಿರಾಗಿದೆ. ಮರಳಿನ ಮೇಲೆ ಕಂದು ಬಣ್ಣವೂ ಬಂದಿದೆ.

ಹಸಿರು ನೀರು ತೇಲುವ ಪಾಚಿ. ಕಿಟಕಿ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ, ಲೈಟನ್ನು ಮೂರು ನಾಲ್ಕು ದಿನ ಆರಿಸಿ, ಹವಳದ ಜೀವಿಗಳಿಲ್ಲದ ಟ್ಯಾಂಕಿಗೆ ಅದರಿಂದ ನಷ್ಟವಿಲ್ಲ. ಕಂದು ಪದರ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ಸಿಲಿಕಾ ಮುಗಿದ ಮೇಲೆ ಹೋಗುತ್ತದೆ. ಹೋಗದಿದ್ದರೆ ನಿಮ್ಮ ಆರ್‌ಒ ಮೆಂಬ್ರೇನ್ ಹಳೆಯದಾಗಿದೆಯಾ ನೋಡಿ.

ಪಿಎಚ್ ಏರಿಸಲು ಅಡುಗೆ ಸೋಡಾ ಹಾಕಿದೆ, ಹಿಮ ಬಿದ್ದ ಹಾಗಾಯ್ತು.

ಒಂದೇ ಸಲಕ್ಕೆ ಜಾಸ್ತಿ ಹಾಕಿದ್ದೀರಿ. ಮೇಲೆ ಉಪ್ಪಿನ ವಿಷಯದಲ್ಲಿ ಹೇಳಿದ್ದೇ ಇಲ್ಲೂ ನಡೆದಿದೆ, ಕ್ಯಾಲ್ಸಿಯಂ ಸುಣ್ಣವಾಗಿ ಉದುರಿದೆ. ಇನ್ನೇನೂ ಸೇರಿಸಬೇಡಿ. ಒಂದು ದಿನ ಬಿಟ್ಟು ಟೆಸ್ಟ್ ಮಾಡಿ, ನಂತರ 20 ಪರ್ಸೆಂಟ್ ನೀರು ಬದಲಿಸಿ.

ಲೈವ್ ರಾಕ್ (ಜೀವಿಗಳು ಅಂಟಿರುವ ಸಮುದ್ರದ ಕಲ್ಲು), ಹವಳದ ಕಲ್ಲು ಹಾಕಿದರೆ ನೀರು ಬೇಗ ಹದಕ್ಕೆ ಬರುತ್ತಂತೆ. ಎಲ್ಲಿ ಸಿಗುತ್ತೆ?

ಹುಡುಕಬೇಡಿ. ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್ ಇವೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸಮುದ್ರ ಕುದುರೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನು ಮಾರುವುದು, ಕೊಳ್ಳುವುದು ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ, ಮೀನಿನ ಮನೆಯನ್ನು ಒಡೆದು ತಂದು ಮೀನು ಸಾಕುವುದು ಯಾವ ಪ್ರೀತಿ? ಸಿರಾಮಿಕ್ ಕಲ್ಲು, ಮನುಷ್ಯರು ತಯಾರಿಸಿದ ಒಣ ಕಲ್ಲು ಸಿಗುತ್ತವೆ. ಬ್ಯಾಕ್ಟೀರಿಯಾ ಅವುಗಳ ಮೇಲೂ ಅಷ್ಟೇ ಚೆನ್ನಾಗಿ ಕೂರುತ್ತದೆ, ಕೆಲವು ವಾರ ಹೆಚ್ಚು ಬೇಕಾಗುತ್ತದೆ ಅಷ್ಟೇ. ಒಣ ಕಲ್ಲಿನಲ್ಲಿ ಸತ್ತ ಜೀವಿಗಳು ಇರುವುದಿಲ್ಲವಾದ್ದರಿಂದ ಮಬ್ಬೂ ಕಡಿಮೆ.

ನೀರು ಈಗ ತಿಳಿಯಾಗಿದೆ. ನಾಳೆಯೇ ಮೀನು ತರಬಹುದಾ?

ತಿಳಿಯಾಗಿರುವುದು ಬೇರೆ, ಸಿದ್ಧವಾಗಿರುವುದು ಬೇರೆ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕಿಗೆ ಅಳತೆ ಮಾಡಿ 2 ಪಿಪಿಎಂ ಅಮೋನಿಯಾ ಹಾಕಿ. ಒಂದು ದಿನದೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಮಾತ್ರ ತೋರಿಸಿದರೆ ಟ್ಯಾಂಕ್ ತಯಾರು. ಆಮೇಲೆ ಸ್ವಲ್ಪ ನೀರು ಬದಲಿಸಿ ನೈಟ್ರೇಟ್ ಇಳಿಸಿಕೊಳ್ಳಿ.

ಮೊದಲು ಒಂದು ಜೋಡಿ ಕ್ಲೌನ್ ಮೀನು ಸಾಕು. ಹ್ಯಾಚರಿಯಲ್ಲಿ ಹುಟ್ಟಿದವನ್ನೇ ಕೇಳಿ ತನ್ನಿ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಇಂಥ ಮರಿಗಳು ಟ್ಯಾಂಕಿನಲ್ಲೇ ಬೆಳೆದಿರುವುದರಿಂದ ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ. ಬೆಂಗಳೂರಿನಿಂದ ನಾಲ್ಕೈದು ತಾಸು ಬಸ್ಸಿನಲ್ಲಿ ಬಂದ ಚೀಲವನ್ನು ಮೊದಲು ತೆರೆಯದೆ ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಿಸಿ. ನಂತರ ಚೀಲದ ನೀರಿನ ಉಪ್ಪು ಅಳೆಯಿರಿ. ಟ್ಯಾಂಕಿನದಕ್ಕೆ ಹತ್ತಿರ ಇದ್ದರೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ತುಂಬ ಬೇರೆ ಇದ್ದರೆ ಮೀನನ್ನು ಬಕೆಟ್ಟಿಗೆ ಹಾಕಿ ಟ್ಯಾಂಕಿನ ನೀರನ್ನು ಸಣ್ಣ ಪೈಪಿನಿಂದ ಹನಿ ಹನಿಯಾಗಿ ಸೇರಿಸಿ ಒಗ್ಗಿಸಿ. ಚೀಲದ ನೀರನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಡಿ. ಆ ದಿನ ಲೈಟ್ ಹಾಕಬೇಡಿ, ಊಟವನ್ನೂ ಮರುದಿನವೇ ಕೊಡಿ.